ಕೆಂಪು ಕ್ಯಾಲಿಪರ್ ಹಾಗೂ ಶ್ರೀಮತಿಯವರ ಬಲಗಾಲಿನ ಬಗ್ಗೆ

ಇಂದ:
ಲೋಥಾರ್ ಪಿಯೊಂಟೆಕ್,
ನಿವೃತ್ತ ಗಣಿ ಎಲೆಕ್ಟ್ರಿಷಿಯನ್, ಹಾಲಿ ಟ್ರಾಮ್ ಪ್ರಯಾಣಿಕ,
ಹಳೇ ಗಣಿ ಕಾಲೊನಿ, ಮೂಲೆಮನೆ,
ಹೊಲ್ಟೌಸನ್, ರೂರ್ ಪ್ರಾಂತ, ಜರ್ಮನಿ.

ಗೆ:
ಮಾನ್ಯ ಮುಖ್ಯ ಪರೀಕ್ಷಕರಾದ ಶ್ರೀ ಬ್ರೋಕ್‌ಹೋಫ್ ಅವರು,
ವಾಹನ ತಪಾಸಣಾ ಕಚೇರಿ, ಹೊಲ್ಟೌಸನ್.

ವಿಷಯ: ಓಟದ ಕಾರಿನ ಬ್ರೇಕ್ ಕ್ಯಾಲಿಪರ್‌ಗಳನ್ನು ಅಳವಡಿಸಿಕೊಂಡಿರುವ ನನ್ನ ಸಾಧಾರಣ ಸೆಡಾನ್ ಕಾರಿನ ದಾಖಲೆಯಲ್ಲಿ, ಹೆಂಡತಿಯ ಬಲಗಾಲನ್ನು ಹೆಚ್ಚುವರಿ ಬ್ರೇಕ್ ಎಂದು ನಮೂದಿಸುವ ಬಗ್ಗೆ.

ಉಲ್ಲೇಖ: ೧. ಕಳೆದ ಜೂನ್‌ನಲ್ಲಿ ತಮ್ಮ ಕಚೇರಿಯಿಂದ ದೊರೆತ ಮಂಜೂರಾತಿ ಪತ್ರ (ಇದರ ಎರಡನೇ ಪುಟವನ್ನು ಅರ್ಜಿದಾರನು ಅಕ್ಟೋಬರಿನಲ್ಲಿ ಓದಿರುತ್ತಾನೆ).
೨. ಆಗಸ್ಟ್ ತಿಂಗಳ ಒಂದು ಭಾನುವಾರ, ಬಸ್ ನಿಲ್ದಾಣದಲ್ಲಿ, ಶ್ರೀಮತಿ ಗುಡ್ರುನ್ ಪಿಯೊಂಟೆಕ್ ಅವರು ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಈ ಅರ್ಜಿಯಲ್ಲಿ ಮುಂದಕ್ಕೆ ಅರ್ಜಿದಾರನು ತನ್ನನ್ನು ತಾನು ‘ಅರ್ಜಿದಾರ’ ಎಂದೇ ಕರೆದುಕೊಳ್ಳುತ್ತಾನೆ. ಕಾರಣ, ‘ನಾನು’ ಎಂದು ಬರೆಯಲು ಹೊರಟರೆ ಅವನಿಗೆ ಸಿಟ್ಟು ಬರುತ್ತದೆ. ಸಿಟ್ಟಿನಲ್ಲಿ ಬರೆದ ಅರ್ಜಿಗೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲವೆಂಬುದು ತಮಗೆ ತಿಳಿದದ್ದೇ ಇದೆ.

೧. ಸದರಿ ವಾಹನವು ಬೂದುಬಣ್ಣದ, ನಾಲ್ಕು ಬಾಗಿಲಿನ, ಡೀಸೆಲ್ ಸೆಡಾನ್ ಆಗಿದ್ದು, ಹಿಂಭಾಗದಲ್ಲಿ ಕ್ಯಾರವಾನ್ ಎಂಬ ಪ್ರವಾಸದ ಮನೆಗಾಡಿಯನ್ನು ಎಳೆಯುವ ಕೊಕ್ಕೆಯನ್ನೂ, ಹಿಂದಿನ ಗಾಜಿನ ಬಳಿ ಅತ್ತೆಯವರು ಹೆಣೆದುಕೊಟ್ಟ ದಿಂಬನ್ನೂ ಹೊಂದಿರುತ್ತದೆ. ಯಾರೂ ತಿರುಗಿ ನೋಡುವಂಥ ಕಾರಲ್ಲ. ನಮ್ಮ ಹೆದ್ದಾರಿಯಲ್ಲಿ ಬೆಳಗಿನ ಹೊತ್ತು ದಟ್ಟಣೆಯಲ್ಲಿ ಕಾರುಗಳು ಚಲಿಸುವುದೇ ಅಪರೂಪವಾದ ಕಾರಣ, ಅದರ ಮೂಲ ಬ್ರೇಕಿನ ಬಗ್ಗೆ ಯಾರ ದೂರೂ ಇರಲಿಲ್ಲ, ಒಬ್ಬರನ್ನು ಹೊರತುಪಡಿಸಿ.

೨. ಆ ಒಬ್ಬರು ಅರ್ಜಿದಾರನ ಹೆಂಡತಿ. ಮದುವೆಯಾದ ಹೊಸತರಿಂದ ಇವರು ಪಕ್ಕದ ಸೀಟಿನಲ್ಲಿ ಕುಳಿತು, ಮುಂದಿನ ಕಾರಿನ ಹಿಂಬದಿಯಲ್ಲಿ ಕೆಂಪು ದೀಪ ಹೊತ್ತಿತೆಂದರೆ ಸಾಕು, ತಮ್ಮ ಬಲಗಾಲನ್ನು ನೆಲಕ್ಕೆ ಒತ್ತುತ್ತಾರೆ. ಒತ್ತುವಾಗ ಹಲ್ಲುಗಳ ನಡುವೆ ‘ಸ್ಸ್’ ಎಂದು ಉಸಿರೆಳೆಯುತ್ತಾರೆ. ಆ ಜಾಗದಲ್ಲಿ ಮ್ಯಾಟ್ ಸವೆದು ತೂತು ಬಿದ್ದಿರುತ್ತದೆ. ಈ ಬಗ್ಗೆ ಅರ್ಜಿದಾರನು ವಿವರಣೆ ಕೇಳಿರುವುದುಂಟು.

“ಯಾಕ್ ಒತ್ತೀಯ ಗುಡ್ರುನ್? ಅಲ್ಲೇನಿದೆ?”

“ಏನೂ ಇಲ್ಲ. ಅದಕ್ಕೇ ಜೋರಾಗಿ ಒತ್ಬೇಕಾಗತ್ತೆ.”

೩. ಒಬ್ಬ ಗಂಡಸು ಇಂಥದ್ದನ್ನು ಎಷ್ಟು ಕಾಲ ತಡೆದುಕೊಂಡಾನು? ಅವನು ಗಣಿಯ ತಳದಲ್ಲಿ ಕತ್ತಲಲ್ಲಿ ವಿದ್ಯುತ್ ತಂತಿ ಜೋಡಿಸಿದವನು. ಅವನ ಕೈಯನ್ನು ನಂಬಿ ನೂರಾರು ಜನ ಕೆಳಗಿಳಿದಿದ್ದಾರೆ. ಅಂಥವನ ಕಾಲನ್ನು ಅವನ ಹೆಂಡತಿಯೇ ನಂಬುವುದಿಲ್ಲವೆಂದರೆ ಎದೆಗೆ ಚುಚ್ಚುತ್ತದೆ. ಆದ್ದರಿಂದ ಕಾರಿಗೆ ಯಾರೂ ಬೆರಳು ತೋರಿಸಲಾಗದಂಥ ಬ್ರೇಕು ಹಾಕಿಸಿಬಿಟ್ಟರೆ ಶ್ರೀಮತಿಯವರ ಕಾಲು ತಾನಾಗಿಯೇ ಸುಮ್ಮನಾಗುತ್ತದೆಂದು ಅರ್ಜಿದಾರನು ಲೆಕ್ಕ ಹಾಕಿದನು.

೪. ಅದೇ ಸಮಯಕ್ಕೆ ಎರ್ವಿನ್ ಫೋನ್ ಮಾಡಿದನು. ಎರ್ವಿನ್ ಅಂದರೆ ಗಣಿಯಲ್ಲಿ ಒಂದೇ ಪಾಳಿಯಲ್ಲಿ ದುಡಿದ ಗೆಳೆಯ. ಈಗ ಹಳೇ ಕಾರುಗಳ ಗುಜರಿ ಇಟ್ಟುಕೊಂಡಿದ್ದಾನೆ. ಹಲ್ಲಿನ ಡಾಕ್ಟರೊಬ್ಬರು ತಮ್ಮ ಓಟದ ಕಾರನ್ನು ಹಿಮ್ಮುಖವಾಗಿ ಸುತ್ತಿಸಿ ಮರಕ್ಕೆ ಗುದ್ದಿಸಿದ್ದರಿಂದ ಅದು ಗುಜರಿಗೆ ಬಂದಿತ್ತು. ಹಿಂಭಾಗ ಅಪ್ಪಚ್ಚಿಯಾಗಿತ್ತು, ಮುಂಭಾಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಮುಂದಿನ ಚಕ್ರಗಳೊಳಗೆ, ಬ್ರೇಕ್ ಡಿಸ್ಕನ್ನು ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿಯುವ ಕ್ಯಾಲಿಪರ್‌ಗಳು, ಒಂದೊಂದೂ ಒಂದು ಬ್ರೆಡ್ಡಿನಷ್ಟು ದಪ್ಪ, ಕೆಂಪಗೆ ಹೊಳೆಯುತ್ತಿದ್ದವು. ಅರ್ಜಿದಾರನು ಅವನ್ನು ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟನು.

ಶ್ರೀಮತಿಯವರು ಆಲೂಗಡ್ಡೆ ಸುಲಿಯುತ್ತಿದ್ದವರು ಒಮ್ಮೆ ನೋಡಿದರು.

“ಇದು ಅಷ್ಟೊಂದು ಚೆನ್ನಾಗಿ ನಿಲ್ಸೋದಾಗಿದ್ರೆ, ಆ ಕಾರು ಗುಜರಿಗೆ ಯಾಕ್ ಬಂತು?”

ಅರ್ಜಿದಾರನು ಅವನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿ ಗ್ಯಾರೇಜಿಗೆ ಒಯ್ದನು.

೫. ಅಳವಡಿಕೆಯ ಕೆಲಸವು ವಸಂತಕಾಲದ ಶನಿವಾರಗಳನ್ನೆಲ್ಲ ತಿಂದುಹಾಕಿತು. ಓಟದ ಕಾರಿನ ಕ್ಯಾಲಿಪರ್ ನಮ್ಮ ಕಾರಿನ ತೂತುಗಳಿಗೆ ಕೂರುವುದಿಲ್ಲ. ಕಾರಣ, ನಡುವೆ ಹಾಕಲು ಉಕ್ಕಿನ ಪಟ್ಟಿ ಕಡೆಸಬೇಕಾಯಿತು. ಕ್ಯಾಲಿಪರ್ ದೊಡ್ಡದಾದ ಕಾರಣ ಡಿಸ್ಕೂ ದೊಡ್ಡದು ಬೇಕಾಯಿತು. ಡಿಸ್ಕ್ ದೊಡ್ಡದಾದ ಕಾರಣ ಹಳೆಯ ಚಕ್ರ ಅದರ ಮೇಲೆ ಕೂರದೆ, ಹದಿನೆಂಟು ಇಂಚಿನ ಚಕ್ರ ಬಂತು. ದೊಡ್ಡ ಚಕ್ರದ ಪಕ್ಕದಲ್ಲಿ ಒಳಗಿನ ಹಳೆಯ ಮ್ಯಾಟುಗಳು ಭಿಕಾರಿಯಂತೆ ಕಂಡ ಕಾರಣ ಅವೂ ಹೊಸವು ಬಂದವು. ಪಟ್ಟಿ ಹಿಡಿದುಕೊಂಡು ನಿಂತಿದ್ದ ಎರ್ವಿನ್ ಹೇಳಿದ್ದು ಇಷ್ಟು: “ಊರಿಗೆಲ್ಲ ಒಂದು ದಾರಿ ಆದ್ರೆ ಎಡವಟ್ಟನಿಗೇ ಒಂದು ದಾರಿ. ನಿನ್ನ ಹೆಂಡ್ತಿಗೆ ಒಂದು ಕಣ್ಣಿನ ಪಟ್ಟಿ ಕಟ್ಟಿದ್ರೆ ಮುಗೀತಿತ್ತಲ್ಲೋ ಮಾರಾಯ!”

೬. ನಮ್ಮಲ್ಲಿ ಕಾಗದದಲ್ಲಿ ಇಲ್ಲದ್ದು ಕಾರಿನಲ್ಲೂ ಇರತಕ್ಕದ್ದಲ್ಲ. ಆದ್ದರಿಂದ ಜೂನ್‌ನಲ್ಲಿ ವಾಹನವನ್ನು ತಮ್ಮ ಮುಂದೆ ಹಾಜರುಪಡಿಸಲಾಯಿತು. ತಾವೇ ಕಚೇರಿಯ ಹಿಂದಿನ ಬಯಲಿನಲ್ಲಿ ಅದನ್ನು ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ, ಮತ್ತೆ ನಿಲ್ಲಿಸಿ, ಇಳಿದು ಬಂದು ಕನ್ನಡಕ ಒರೆಸಿಕೊಂಡಿದ್ದು ತಮಗೆ ನೆನಪಿರಬಹುದು.

“ಪಿಯೊಂಟೆಕ್ ಅವರೇ, ನಿಲ್ಲತ್ತೆ. ಎಲ್ಲಾ ಸರಿಯಾಗಿದೆ. ಆದ್ರೆ ಇದು ನಿಮ್ಗೆ ಯಾಕ್ ಬೇಕಿತ್ತು?”

“ನಿಲ್ಲೋಕೆ, ಸಾರ್.”

“ಮೊದ್ಲು ನಿಲ್ತಿರ್ಲಿಲ್ವಾ?”

“ನಿಲ್ತಿತ್ತು. ನಂಬಿಕೆ ಇರ್ಲಿಲ್ಲ.”

“ಯಾರಿಗೆ?”

ಆ ಪ್ರಶ್ನೆಗೆ ನಮೂನೆಯಲ್ಲಿ ಅಂಕಣವಿರಲಿಲ್ಲ. ತಾವು ಮುದ್ರೆ ಒತ್ತಿದಿರಿ. ಆ ಸದ್ದು ಕೇಳಿ ಅವನಿಗಾದ ಸಂತೋಷ ಮಗಳು ಹುಟ್ಟಿದ ದಿನದ ಸಂತೋಷಕ್ಕಿಂತ ಸ್ವಲ್ಪ ಮಾತ್ರ ಕಡಿಮೆಯಿತ್ತು. ಮೊದಲ ಪುಟದ ಮುದ್ರೆಯನ್ನೇ ನೋಡುತ್ತಾ ಮನೆಗೆ ಬಂದವನು ಎರಡನೇ ಪುಟವನ್ನು ತಿರುವಲಿಲ್ಲ. ತಪ್ಪು ತಮ್ಮದಲ್ಲ.

೭. ಆಗಸ್ಟಿನಲ್ಲಿ ನಾದಿನಿ ಇರ್ಮ್‌ಗಾರ್ಟ್ ಅವರ ಹುಟ್ಟುಹಬ್ಬ. ಭಾನುವಾರ ಮಧ್ಯಾಹ್ನದ ಕಾಫಿಗೆ ಹೊರಟಾಗ ಶ್ರೀಮತಿಯವರ ತೊಡೆಯ ಮೇಲೆ, ಹಿಂದಿನ ದಿನವೆಲ್ಲ ಕೂತು ಮಾಡಿದ, ಮೂರು ಪದರದ ಚೆರ್ರಿ ಕ್ರೀಮ್ ಕೇಕ್ ಇತ್ತು. ಕಾರು ಹತ್ತಿದವರೇ ಕೆಳಗೆ ನೋಡಿದರು.

“ನನ್ನ ಮ್ಯಾಟ್ ಎಲ್ಲಿ?”

“ಹೊಸದು ಹಾಕಿದೀನಿ, ಚೆನ್ನಾಗಿಲ್ವಾ?”

“ಕಾಲು ಜಾರತ್ತೆ.”

ಊರಾಚೆ ಮುಂದಿನ ಕಾರಿನ ದೀಪ ಕೆಂಪಾಯಿತು. ಸ್ಸ್. ಕಾಲು ಒತ್ತಿತು. ಮಂಜೂರಾತಿ ಪಡೆದ, ಮುದ್ರೆ ಬಿದ್ದ ಬ್ರೇಕು ಇರುವಾಗಲೂ ಒತ್ತಿತು! ಅರ್ಜಿದಾರನ ರಕ್ತ ಕುದಿಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವೆಂಬ ಮಾತು ಆ ಗಳಿಗೆಯಲ್ಲಿ ಯಾರಿಗೆ ತಾನೆ ನೆನಪಾಗುತ್ತದೆ? ದಾರಿ ಖಾಲಿಯಾದ ಮೇಲೆ, ಹಿಂದೆ ಯಾರೂ ಇಲ್ಲದ್ದನ್ನು ಕನ್ನಡಿಯಲ್ಲಿ ನಿಯಮಾನುಸಾರ ಖಚಿತಪಡಿಸಿಕೊಂಡು, “ಈಗ ನೋಡು, ಹೇಗ್ ನಿಲ್ಲತ್ತೆ!” ಎಂದು ಪೆಡಲನ್ನು ಪೂರ್ತಿ ತುಳಿದನು.

ಕಾರು ನಿಂತಿತು. ಕೇಕ್ ನಿಲ್ಲಲಿಲ್ಲ.

೮. ಕೇಕಿನ ಬಗ್ಗೆ: ಗಾಜು ಒರೆಸಿದರೆ ಹೋಯಿತು. ಗಾಳಿ ಬರುವ ಕಿಂಡಿಗಳಿಂದ ಇಂದಿಗೂ ಚೆರ್ರಿಯ ವಾಸನೆ ಬರುತ್ತದೆ.

೯. ಶ್ರೀಮತಿಯವರು ಕೂಗಾಡಲಿಲ್ಲ. ಕೂಗಾಡಿದ್ದರೆ ಈ ಅರ್ಜಿಯೇ ಬೇಕಾಗುತ್ತಿರಲಿಲ್ಲ. ಸೀಟ್ ಬೆಲ್ಟ್ ಬಿಚ್ಚಿ, ಖಾಲಿ ತಟ್ಟೆಯೊಂದಿಗೆ ಇಳಿದು, ಎದುರಿಗಿದ್ದ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತರು. ರವಿಕೆಯ ಮೇಲೆ ಕ್ರೀಮು, ಕೂದಲಲ್ಲಿ ಒಂದು ಚೆರ್ರಿ. ಅರ್ಜಿದಾರನು ಕಿಟಕಿ ಇಳಿಸಿ ಕರೆದನು.

“ಬಾ ಗುಡ್ರುನ್, ಹತ್ತು. ಜನ ನೋಡ್ತಾರೆ.”

“ನೋಡ್ಲಿ. ನಿನ್ನ ಆ ಕೆಂಪು ಡಬ್ಬಗಳಿಗೆ ಕಾಗದ ಮಾಡಿಸ್ದೆ ಅಲ್ವಾ? ನನ್ ಕಾಲು ಮದ್ವೆ ಆದಾಗಿಂದ ಬ್ರೇಕ್ ಹಾಕ್ತಿದೆ. ಅದರ ಕಾಗದ ಎಲ್ಲಿ?”

“ತಮಾಷೆ ಮಾಡ್ಬೇಡ.”

“ತಮಾಷೆ ಮಾಡೋಳ ಹಾಗೆ ಕಾಣ್ತಿದೀನಾ? ಅದನ್ನೂ ಬರಸ್ಕೊಂಡ್ ಬಾ. ಮುದ್ರೆ ಹಾಕಿಸ್ಕೊಂಡ್ ಬಾ. ಆಮೇಲೆ ಕೂರ್ತೀನಿ ನಿನ್ ಪಕ್ಕ.”

ಬಸ್ ಬಂತು, ಹತ್ತಿ ಹೋದರು. ಅಂದಿನಿಂದ ಇಂದಿನವರೆಗೆ ಆ ಸೀಟಿನಲ್ಲಿ ಕುಳಿತಿರುವುದಿಲ್ಲ. ಮನೆಯಲ್ಲಿ ಊಟ, ಮಾತು, ಹಾಸಿಗೆ ಎಲ್ಲವೂ ಎಂದಿನಂತೆಯೇ ಇವೆ. ಜೊತೆಗೆ ಕಾರಿನಲ್ಲಿ ಹೋಗುವುದು ಮಾತ್ರ ಇಲ್ಲ. ಅರ್ಜಿದಾರನು ಒಬ್ಬನೇ ಹೊರಟಾಗ ಮುಂದಿನ ಕಾರಿನ ದೀಪ ಕೆಂಪಾಗುತ್ತಿತ್ತು, ಅವನು ಬ್ರೇಕ್ ತುಳಿಯುತ್ತಿದ್ದನು, ಕಾರು ನಿಲ್ಲುತ್ತಿತ್ತು, ಪಕ್ಕದಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಇದೇ ತನಗೆ ಬೇಕಾಗಿತ್ತಲ್ಲವೇ ಎಂದು ತನ್ನನ್ನು ತಾನೇ ಕೇಳಿಕೊಂಡಿದ್ದಾನೆ.

೧೦. ಅಕ್ಟೋಬರ್ ಬಂತು. ಅಕ್ಟೋಬರಿನಿಂದ ಈಸ್ಟರ್‌ವರೆಗೆ, ಹಿಮದಲ್ಲಿ ಜಾರದ ಚಳಿಗಾಲದ ಟೈರು ಎಂಬುದು ನಮ್ಮ ಬೀದಿಯಲ್ಲಿ ಪ್ರಾರ್ಥನೆಗಿಂತ ಕಟ್ಟುನಿಟ್ಟು. ಶನಿವಾರ ಬೆಳಿಗ್ಗೆ ಎಲ್ಲ ಗಂಡಸರೂ ಜಾಕ್ ಹಿಡಿದು ಹೊರಗಿದ್ದರು. ಅರ್ಜಿದಾರನು ಗ್ಯಾರೇಜಿನಿಂದ ತನ್ನ ಚಳಿಗಾಲದ ಚಕ್ರಗಳನ್ನು ಉರುಳಿಸಿಕೊಂಡು ಬಂದನು. ಅವು ಹಳೆಯವು, ಹದಿನಾರು ಇಂಚಿನವು. ಚಕ್ರ ಎತ್ತಿ ಕೂರಿಸಿದರೆ ಕ್ಯಾಲಿಪರಿಗೆ ಬಡಿಯಿತು. ತಿರುಗಿಸಿ ಕೂರಿಸಿದರೂ ಬಡಿಯಿತು. ದುಂಡಗಿನ ಚಕ್ರವನ್ನು ತಿರುಗಿಸಿ ಏನು ಪ್ರಯೋಜನವೆಂದು ಯಾರೂ ಕೇಳಲಿಲ್ಲ, ಆದರೆ ಬೀದಿಯೆಲ್ಲ ನೋಡಿತು. ಆಗ ಅವನು ಒಳಗೆ ಹೋಗಿ ತಮ್ಮ ಪತ್ರದ ಎರಡನೇ ಪುಟವನ್ನು ಓದಿದನು. ‘ಹದಿನೆಂಟು ಇಂಚಿಗಿಂತ ಕಡಿಮೆ ಅಳತೆಯ ಚಕ್ರವನ್ನು ಬಳಸತಕ್ಕದ್ದಲ್ಲ’ ಎಂದು ತಾವು ದಪ್ಪಕ್ಷರದಲ್ಲಿಯೇ ಬರೆಸಿದ್ದೀರಿ.

ಎರ್ವಿನ್ ಬಂದು, ಬೀರ್ ಬಾಟಲಿ ಬಾನೆಟ್ಟಿನ ಮೇಲಿಟ್ಟು ನುಡಿದನು: “ಒಳ್ಳೇ ಬ್ರೇಕ್ ಹಾಕ್ಸಿದೀಯ ಕಣೋ. ಈಸ್ಟರ್ ತನಕ ಕಾರು ಒಂದಿಂಚು ಅಲ್ಲಾಡಲ್ಲ.”

ಹದಿನೆಂಟು ಇಂಚಿನ ಚಳಿಗಾಲದ ಟೈರುಗಳಿಗೆ ಹಣ ಕೇಳಲು ಅರ್ಜಿದಾರನಿಗೆ ಮನೆಯಲ್ಲಿ ಬಾಯಿ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ. ಕಾರಿಗೆ ಹೊದಿಕೆ ಹೊದಿಸಿದನು.

೧೧. ಹೀಗಾಗಿ ಕಳೆದ ಭಾನುವಾರ ಇರ್ಮ್‌ಗಾರ್ಟ್ ಮನೆಗೆ ಇಬ್ಬರೂ ಟ್ರಾಮಿನಲ್ಲಿ ಹೋದರು. ಆಗಸ್ಟಿನ ಬಾಕಿ ಕೇಕು, ಅದೇ ಮೂರು ಪದರದ್ದು, ಈ ಸಲ ಅರ್ಜಿದಾರನ ತೊಡೆಯ ಮೇಲಿತ್ತು. ಶ್ರೀಮತಿಯವರೇ ಕೊಟ್ಟು, “ಹಿಡ್ಕೋ” ಎಂದಷ್ಟೇ ಹೇಳಿದ್ದರು. ಸೇತುವೆ ದಾಟಿದ ಮೇಲೆ ಒಬ್ಬ ಸೈಕಲ್ಲಿನವನು ಹಳಿಗೆ ಅಡ್ಡ ಬಂದ. ಟ್ರಾಮ್ ಚಾಲಕಿ ಗಂಟೆ ಬಾರಿಸಿದರು. ಆ ಕ್ಷಣಕ್ಕೆ ಅರ್ಜಿದಾರನ ಬಲಗಾಲು, ಅವನ ಅನುಮತಿಯಿಲ್ಲದೆ, ಮುಂದಕ್ಕೆ ಚಾಚಿ ಟ್ರಾಮಿನ ನೆಲವನ್ನು ಬಲವಾಗಿ ಒತ್ತಿತು. ಹಲ್ಲಿನ ನಡುವೆ ‘ಸ್ಸ್’ ಎಂಬ ಸದ್ದು ಬಂತು. ಟ್ರಾಮ್ ನಿಂತಿತು. ಕೇಕ್ ಅಲುಗಲಿಲ್ಲ.

ಶ್ರೀಮತಿಯವರು ಕಾಲನ್ನು ನೋಡಿದರು, ಆಮೇಲೆ ಮುಖವನ್ನು ನೋಡಿದರು.

“ಆಯಮ್ಮಂಗೆ ಓಡ್ಸೋಕೆ ಬರಲ್ಲ ಅಂತ ಒತ್ತಿದ್ಯಾ?”

“ಹಾಗಲ್ಲ. ಚೆನ್ನಾಗೇ ಓಡಿಸ್ತಾರೆ.”

“ಮತ್ತೆ ಯಾಕ್ ಒತ್ದೆ?”

“ತೊಡೆ ಮೇಲೆ ಕೇಕ್ ಇತ್ತಲ್ಲ.”

ಶ್ರೀಮತಿಯವರು ಡಬ್ಬದ ಮುಚ್ಚಳವನ್ನು ಸರಿಪಡಿಸಿದರು.

“ನನ್ ಪಕ್ಕದಲ್ಲೂ ಇಷ್ಟು ವರ್ಷ ಒಬ್ಬ ಕೂತಿರ್ತಿದ್ದ,” ಎಂದರು.

ಮಾನ್ಯರೇ, ಅರ್ಜಿದಾರನು ಈ ಮಾತನ್ನು ಕೇಳಿದನು. ಕೇಕಿನ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಬೆಪ್ಪನ ಹಾಗೆ ಕುಳಿತಿದ್ದನು. ಅವಳು ಗಂಡನ ಕಾಲನ್ನು ನಂಬದೆ ಒತ್ತುತ್ತಾಳೆಂದೇ ಇಷ್ಟು ವರ್ಷ ಅವನು ತಿಳಿದಿದ್ದ. ಇಳಿಯುವ ನಿಲ್ದಾಣ ಬಂದಾಗ ಧೈರ್ಯ ಮಾಡಿ ಕೇಳಿದನು.

“ಹಾಗಾದ್ರೆ ಈಸ್ಟರಿಗೆ ಕಾರಲ್ಲಿ ಕೂರ್ತೀಯಾ?”

“ಕಾಗದ ತಗೊಂಡ್ ಬಾ. ನಾನು ಹೇಳಿದ್ ಮಾತು ಹೇಳಿದ್ದೇ.”

ಕಾರಣ ಮೇಲ್ಕಂಡ ಎಲ್ಲ ಅಂಶಗಳನ್ನು ಪರಿಗಣಿಸಿ, ತಾವು ದೊಡ್ಡ ಮನಸ್ಸು ಮಾಡಿ:

(ಅ) ಸದರಿ ವಾಹನದ ದಾಖಲೆಯ ‘ಷರಾ’ ಅಂಕಣದಲ್ಲಿ, ‘ಮುಂದಿನ ಚಕ್ರಗಳಿಗೆ ಓಟದ ಕಾರಿನ ಕ್ಯಾಲಿಪರ್’ ಎಂಬ ನಮೂದಿನ ಕೆಳಗೆ, ‘ಪಕ್ಕದ ಸೀಟಿಗೆ ಗುಡ್ರುನ್ ಪಿಯೊಂಟೆಕ್ ಅವರ ಬಲಗಾಲು’ ಎಂದು ಬರೆಸಿ ಮುದ್ರೆ ಒತ್ತಿಸಿಕೊಡಬೇಕಾಗಿ ಪ್ರಾರ್ಥನೆ. ಮೊದಲನೆಯದರ ಹೆಸರು ಮೇಲಿರಬೇಕೆಂಬ ಹಟ ಅರ್ಜಿದಾರನಿಗೆ ಇರುವುದಿಲ್ಲ.

(ಆ) ಸದರಿ ಭಾಗವನ್ನು ಬಿಚ್ಚಿ ತರಲು ಸಾಧ್ಯವಿಲ್ಲದ ಕಾರಣ, ಪರೀಕ್ಷೆ ಅಗತ್ಯವಿದ್ದಲ್ಲಿ ಅದನ್ನು ಅದರ ಒಡತಿಯೊಂದಿಗೇ ಹಾಜರುಪಡಿಸಲಾಗುವುದು. ಗುರುವಾರ ಬೇಡ, ಅಂದು ಅವರಿಗೆ ಚರ್ಚಿನಲ್ಲಿ ಹಾಡಿನ ಅಭ್ಯಾಸವಿರುತ್ತದೆ. ತಾವು ಓಡಿಸಿ, ಅವರು ಪಕ್ಕದಲ್ಲಿ ಕುಳಿತರೆ, ಪರೀಕ್ಷೆ ತಾನಾಗಿಯೇ ಆಗುತ್ತದೆ.

(ಇ) ಇದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲದಿದ್ದಲ್ಲಿ, ಅವಕಾಶವಿಲ್ಲವೆಂಬುದನ್ನಾದರೂ ತಮ್ಮ ಕಚೇರಿಯ ಕಾಗದದ ಮೇಲೆ, ಮುದ್ರೆಯೊಂದಿಗೆ, ಈಸ್ಟರ್ ಒಳಗೆ ಬರೆದುಕೊಡಬೇಕು. ಅರ್ಜಿದಾರನು ಕೇಳಿದ್ದನೆಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ಈ ಸಲ ಎರಡೂ ಪುಟಗಳನ್ನು ಓದಲಾಗುವುದು.

ಇಂತಿ,
ತಮ್ಮ ವಿಶ್ವಾಸಿ,
(ಲೋಥಾರ್ ಪಿಯೊಂಟೆಕ್)

ಅಡಕ:
೧. ಜೂನ್ ತಿಂಗಳ ಮಂಜೂರಾತಿ ಪತ್ರದ ಪ್ರತಿ, ಎರಡನೇ ಪುಟ ಸಹಿತ.
೨. ಎರ್ವಿನ್ ಅವರ ಸಾಕ್ಷಿ ಹೇಳಿಕೆ. (ಬೀರಿನ ಕಲೆಯನ್ನು ಮನ್ನಿಸಬೇಕು.)
೩. ಪಕ್ಕದ ಸೀಟಿನ ಹಳೆಯ ಮ್ಯಾಟ್, ಒಂದು. ಗ್ಯಾರೇಜಿನ ಕಸದ ಚೀಲದಿಂದ ಹುಡುಕಿ ತೆಗೆದದ್ದು. ಬಲಗಾಲಿನ ತೂತನ್ನು ಸೀಮೆಸುಣ್ಣದಿಂದ ಸುತ್ತ ಗುರುತಿಸಲಾಗಿದೆ. ಪರಿಶೀಲನೆ ಮುಗಿದ ಮೇಲೆ ಇದನ್ನು ತಪ್ಪದೆ ಹಿಂದಿರುಗಿಸಬೇಕು. ತೂತಿಗೆ ತೇಪೆ ಹಾಕಬಾರದು. ಅವಳ ಕಾಲು ಜಾರುತ್ತದೆ.