ಗುಂಡಿ ಒತ್ತಿದರೆ ಮುಟ್ಟುವ ಪಾರ್ಸಲ್ಲು

ನನ್ನ ಕೆಲಸದಲ್ಲಿ ಕಂಪ್ಯೂಟರ್ ಕೆಡುವುದು ಅಪರೂಪ. ಉಳಿದದ್ದೆಲ್ಲ ದಿನಾ ಆಗುವಂಥದ್ದೇ. ಬೆಳಗಾವಿಯ ಒಂದು ಪಾರ್ಸಲ್ ಕಂಪನಿಯಲ್ಲಿ ನಾನು ಕಂಪ್ಯೂಟರ್ ವಿಭಾಗ. ವಿಭಾಗ ಅಂದರೆ ನಾನೊಬ್ಬನೇ. ಹೊಸ ಸಾಫ್ಟ್‌ವೇರ್ ಬಂದಾಗಲೆಲ್ಲ ಪೆನ್‌ಡ್ರೈವ್ ಜೇಬಿಗಿಳಿಸಿ, ನಮ್ಮದೇ ಪಾರ್ಸಲ್ ಗಾಡಿ ಹತ್ತಿ, ಶಾಖೆ ಶಾಖೆ ತಿರುಗಿ ಸೊಂಟ ಹಿಡಿದುಹೋಗಿತ್ತು. ಕೊನೆಗೆ ಸಾಹೇಬರ ಮುಂದೆ ಎದೆ ತಟ್ಟಿ ಹೇಳಿದೆ:

"ಇನ್ನ ಕುಂತಲ್ಲೇ ಗುಂಡಿ ಒತ್ತತೀನ್ರಿ, ಎಲ್ಲಾ ಶಾಖೆಗೂ ಒಮ್ಮೆಗೇ ಹೋಗತೈತಿ. ಶುಕ್ರವಾರ ಸಂಜಿ ಐದರೊಳಗ ಮುಗಸ್ತೀನಿ."

"ಒಂದು ಉಳೀತಂದ್ರ?"

"ಜನ್ಮಪೂರ್ತಿ ಗಾಡಿ ಹತ್ತತೀನ್ರಿ."

ಬಾಯಿ ನನ್ನದೇ, ಸೊಂಟವೂ ನನ್ನದೇ.

೧. ಯಾವ ಗಾಡಿಗೆ?

ಶುಕ್ರವಾರ ಬೆಳಿಗ್ಗೆ ಎಲ್ಲರಿಗೂ ಸಂದೇಶ ಹಾಕಿದೆ: 'ಹೊಸ ಸಾಫ್ಟ್‌ವೇರ್ ಕಳಿಸುತ್ತಿದ್ದೇನೆ. ಕಂಪ್ಯೂಟರ್ ಚಾಲೂ ಇಡಿ.' ಎರಡೇ ನಿಮಿಷಕ್ಕೆ ಶಹಾಪುರ ಶಾಖೆಯ ಹಿರಿಯ ಗುಮಾಸ್ತರ ಫೋನು.

"ಯಾವ ಗಾಡಿಗೆ ಹಾಕೀರಿ?"

"ಗಾಡಿಗಲ್ರಿ, ವೈರಿನಾಗ ಬರತೈತಿ."

"ರಸೀದಿ ನಂಬರ್ ಹೇಳ್ರಿ."

"ಇದಕ್ಕ ರಸೀದಿ ಇರೂದಿಲ್ರಿ."

"ಮೂವತ್ತು ವರ್ಷ ಆತು, ರಸೀದಿ ಇಲ್ಲದ ಒಂದು ಸೀರಿ ಗಂಟೂ ಒಳಗ ತಗೊಂಡಿಲ್ಲ ನಾ," ಎಂದವರೇ ಕಂಪ್ಯೂಟರ್ ಬಂದ್ ಮಾಡಿ ಕುಳಿತರು. ಹಟಮಾರಿ ಮನುಷ್ಯ. ಬೇರೆ ದಾರಿ ಕಾಣದೆ ಪುಸ್ತಕದಿಂದ ಒಂದು ಖಾಲಿ ರಸೀದಿ ಹರಿದುಕೊಂಡು, 'ತೂಕ: ಇಲ್ಲ' ಅಂತ ಬರೆದು, ಫೋಟೋ ತೆಗೆದು ಕಳಿಸಿದೆ. ಆಗ ಕಂಪ್ಯೂಟರ್ ಚಾಲೂ ಆಯಿತು.

ಸಾಫ್ಟ್‌ವೇರ್ ಮುಟ್ಟಿದ ಮೇಲೂ ಅವರ ಫೋನು ಬಂತು: "ತೂಕ ಇಲ್ಲ ಅಂತ ಬರದೀರಿ. ಖಾಲಿ ಪೆಟ್ಟಿಗಿ ಇದ್ದರ ನಮ್ಮ ಶಾಖೆ ಜವಾಬ್ದಾರಿ ಅಲ್ಲ ಮತ್ತ."

೨. ಕಳ್ಳ ಹೊಕ್ಕಿದ್ದ

ಖಾನಾಪುರ ಶಾಖೆಗೆ ಕಳಿಸಿದ್ದು ಅರ್ಧಕ್ಕೆ ಬಂದು ನಿಂತಿತು. ಮತ್ತೆ ಕಳಿಸಿದೆ, ಮತ್ತೆ ಅರ್ಧ. ಮೂರನೆಯ ಸಲವೂ ಹಾಗೇ ಆದಾಗ ಫೋನ್ ಮಾಡಿದೆ. ಕೌಂಟರಿನ ಮೇಡಂ, ನಮ್ಮ ಕಡೆಯ ಮಾತಲ್ಲಿ ಬಾಯಾರು, ಏದುಸಿರು ಬಿಡುತ್ತಿದ್ದರು.

"ಸರ, ಮುಂಜಾನಿಂದ ಯಾವನೋ ಕಂಪ್ಯೂಟರಿನಾಗ ಹೊಗತಾನ್ರಿ. ನಾ ಮುಟ್ಟಿಲ್ಲ, ತಾನ ಕಿಟಕಿ ತಗೀತದ. ಮೂರು ಸಲ ಪ್ಲಗ್ ಕಿತ್ತು ಓಡಿಸೇನಿ!"

"ಬಾಯಾರ, ಅವ ನಾನ ಇದ್ದೇನ್ರಿ."

ಅವರು ಖಡಕ್ಕಾಗಿ ಹೇಳಿದರು: "ಖರೇನ? ಹಂಗಾರ ಬರೂ ಮುಂದ ಬಾಗಲಾ ಬಡೀಬೇಕಲ್ರಿ!"

೩. ಬೀಡಿಯ ಬುದ್ಧಿವಂತರು

ನಡುಹೊತ್ತಿಗೆ ನನ್ನ ಪರದೆಯ ಮೇಲೆ, ಬೀಡಿ ಎಂಬ ಊರಿನದೊಂದು ಬಿಟ್ಟು, ಎಲ್ಲ ಶಾಖೆಗಳ ಮುಂದೆ ಹಸಿರು ಗುರುತು ಬಂತು. ಅಲ್ಲಿ ನೆಟ್‌ವರ್ಕ್ ಕುಂಟುತ್ತಿತ್ತು. ಆ ಶಾಖೆಗೆ ಇರುವವರು ಒಬ್ಬ ಮ್ಯಾನೇಜರು, ಇರುವುದು ಒಂದು ಕಂಪ್ಯೂಟರು.

"ಇಲ್ಲಿಂದ ಹೊಂಟದರಿ, ನಿಮಗ ಮುಟ್ಟವಲ್ದು," ಎಂದು ಅವರಿಗೆ ಫೋನಿನಲ್ಲಿ ಗೋಳಾಡಿದೆ.

"ಇಷ್ಟಕ್ಕ ಯಾಕ ಚಿಂತಿ ಮಾಡ್ತೀರಿ? ನಾ ನೋಡ್ಕೊಂತೀನಿ ಬಿಡ್ರಿ," ಎಂದರು.

ನಾಲ್ಕೂವರೆಯಾಯಿತು. ಬೀಡಿ ಇನ್ನೂ ಕೆಂಪು. ಸಾಹೇಬರು ಬಂದು ನನ್ನ ಹಿಂದೆಯೇ ನಿಂತರು. ನನ್ನ ಸೊಂಟ ಆಗಲೇ ನೋಯತೊಡಗಿತ್ತು. ಬೀಡಿಯ ಮ್ಯಾನೇಜರಿಗೆ ಫೋನ್ ಮಾಡಿದೆ.

"ಕಂಪ್ಯೂಟರ್ ಚಾಲೂ ಐತೇನ್ರಿ?"

"ಕಂಪ್ಯೂಟರ್ ಎಲ್ಲೈತ್ರಿ ಇಲ್ಲಿ? ಪಾರ್ಸಲ್ ಮನಿಗೆ ಮುಟ್ಟಲಿಲ್ಲಂದ್ರ ಗಿರಾಕಿ ತಾನ ಆಫೀಸಿಗೆ ಬಂದು ಒಯ್ಯಬೇಕು, ನಮ್ಮ ಕಂಪನಿ ನಿಯಮ. ಅದಕ್ಕ ಕಂಪ್ಯೂಟರನ್ನ ಮಧ್ಯಾಹ್ನದ ಗಾಡಿಗೆ ನಿಮ್ಮಲ್ಲಿಗೆ ಕಳಿಸೇನಿ."

ಅಷ್ಟರಲ್ಲಿ ಹಮಾಲರು ಗೋಣಿಚೀಲ ಸುತ್ತಿ ಹೊಲಿದ ಗಂಟೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಹೊಲಿಗೆ ಬಿಚ್ಚಿ, ವೈರು ಸಿಕ್ಕಿಸಿ, ಗುಂಡಿ ಒತ್ತಿದೆ. ಐದಕ್ಕೆ ಎರಡು ನಿಮಿಷ ಇರುವಾಗ ಬೀಡಿಯೂ ಹಸಿರಾಯಿತು. ನನಗಾದ ಖುಷಿಗೆ ಕುರ್ಚಿಯ ಮೇಲೆ ಹತ್ತಿ ಕುಣಿಯುವುದೊಂದು ಬಾಕಿ.

"ಗೆದ್ರಿ ಬಿಡ್ರಿ," ಎಂದು ಸಾಹೇಬರು ಬೆನ್ನು ತಟ್ಟಿದರು. "ನಾಳೆ ಅವರಿಗೆ ಇದು ಬೇಕಲ್ಲ? ನಾಜೂಕ ಸಾಮಾನು. ನೀವ ಜ್ವಾಕ್ಯಾಗಿ ಮುಟ್ಟಿಸಿ ಬರ್ರಿ."

ಮರುದಿನ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯ ಪ್ರತಿ ಗುಂಡಿಗೂ ಅದನ್ನು ಅವಚಿಕೊಳ್ಳುತ್ತ, ಗಾಡಿಯಲ್ಲಿ ಬೀಡಿಗೆ ಹೋದೆ. ಮ್ಯಾನೇಜರು ರಸೀದಿ ಪುಸ್ತಕ ಹಿಡಿದು ರಸ್ತೆಗೇ ಬಂದು ನಿಂತಿದ್ದರು.

"ಬರ್ರಿ ಸರ, ಬರ್ರಿ! ನೋಡ್ರಿ, ನಿಮಗ ಪೆನ್‌ಡ್ರೈವ್ ಹೊರೂ ತ್ರಾಸ ತಪ್ಪಿಸಿದ್ನೋ ಇಲ್ಲೋ?"