ಪವರ್ ಬ್ಯಾಂಕಿಗೊಂದು ಜೋಗುಳ

ಇಡೀ ವಾದ್ಯವೃಂದವನ್ನು ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ, ವೇದಿಕೆಯ ಮೇಲೆ ನುಡಿಸಿ ಬರುತ್ತೇನೆ ಎಂದು ನಾನು ಘೋಷಿಸಿದ್ದು ಊಟದ ಮೇಜಿನ ಮುಂದೆ. ಮಹಾ ಘೋಷಣೆಗಳನ್ನು ಊಟ ಮುಗಿಯುವ ಮುಂಚೆ ಮಾಡಬಾರದು. ಹಸಿದವರ ಕಿವಿ ಅಡುಗೆಮನೆಯ ಕಡೆಗಿರುತ್ತದೆ. ನನ್ನ ಗಂಡ ನೀರಿನ ಜಗ್ ಎಲ್ಲಿ ಎಂದು ಕೇಳಿದರು. ಅತ್ತೆ ಮಾತ್ರ ತಟ್ಟೆಯಿಂದ ಕೈ ತೆಗೆದು ನನ್ನನ್ನೇ ನೋಡಿದರು.

"ಪಿಟೀಲು, ಕೊಳಲು, ಡೋಲು, ಎಲ್ಲಾನೂ?"

"ಎಲ್ಲಾನೂ ಅತ್ತೆ. ಎಲ್ಲ ಟ್ಯಾಬ್ಲೆಟ್ ಒಳಗೇ ಇದೆ. ಒಂದು ಪುಟ್ಟ ಕೀಬೋರ್ಡ್ ಸಿಕ್ಕಿಸಿ ನಾನು ಒತ್ತಿದ್ರೆ ಆಯ್ತು. ನಿಮ್ಮ ಶ್ರುತಿ ಎಷ್ಟಕ್ಕೆ ಬೇಕೋ ಅಷ್ಟಕ್ಕೆ ಇಳಿಸ್ತೀನಿ."

ಅತ್ತೆ ಮತ್ತೆ ಊಟಕ್ಕೆ ಕೈ ಹಾಕಿದರು. ಆದರೆ ಕೈ ತೊಳೆದು ಬರುವಾಗ ಬಚ್ಚಲಿನಿಂದ ಸಣ್ಣಗೆ ಗುನುಗು ಕೇಳಿಸಿತು. ಒಂದು ವರ್ಷದಿಂದ ಕೇಳಿರದ ಗುನುಗು ಅದು.

ಅದರ ಹಿಂದಿನ ಕತೆ ಹೇಳಿಬಿಡುತ್ತೇನೆ. ಅತ್ತೆ ನಿವೃತ್ತ ನರ್ಸ್. ಕೆಲಸದಲ್ಲಿದ್ದಷ್ಟು ಕಾಲವೂ ಮಕ್ಕಳ ವಾರ್ಡಿನಲ್ಲಿ ಕಳೆದವರು. ಚುಚ್ಚಿಸಿಕೊಂಡು ಅಳುವ ಮಕ್ಕಳನ್ನು ಒಂದು ಜೋಗುಳ ಹಾಡಿ ಮಲಗಿಸುತ್ತಿದ್ದರಂತೆ. ನಿವೃತ್ತ ನರ್ಸುಗಳೆಲ್ಲ ವರ್ಷಕ್ಕೊಮ್ಮೆ ಒಂದು ಮಧ್ಯಾಹ್ನ ಒಟ್ಟಿಗೆ ಸೇರುತ್ತಾರೆ. ಕಳೆದ ವರ್ಷ ಅಲ್ಲಿ ಅತ್ತೆ ಆ ಜೋಗುಳ ಹಾಡಲು ನಿಂತಾಗ ಯಾರೋ ಉತ್ಸಾಹಿಗಳು ಮೊಬೈಲಿನಿಂದ ಹಿನ್ನೆಲೆ ಸಂಗೀತ ಹಾಕಿದರು. ಅದರ ಶ್ರುತಿ ಆಕಾಶದಲ್ಲಿತ್ತು. ಅತ್ತೆ ಏಣಿ ಹಾಕಿ ಹತ್ತಿದರು, ಎರಡನೇ ಚರಣದಲ್ಲಿ ಧ್ವನಿ ಕಾಲು ಜಾರಿ ಕೆಳಗೆ ಬಿತ್ತು. ಆಗ ಮುಂದಿನ ಸಾಲಿನಿಂದ ಮೇಟ್ರನ್ ಎದ್ದು ಬಂದರು. ಒಂದು ಕಾಲದಲ್ಲಿ ಆಸ್ಪತ್ರೆಯ ನರ್ಸುಗಳೆಲ್ಲ ಇವರ ಹೆಜ್ಜೆ ಸಪ್ಪಳಕ್ಕೇ ಟೋಪಿ ಸರಿ ಮಾಡಿಕೊಳ್ಳುತ್ತಿದ್ದರಂತೆ. ನಿವೃತ್ತರಾದ ಮೇಲೂ ಅವರು ಮೇಟ್ರನ್ನೇ. ಅತ್ತೆಗೆ ಒಂದು ಲೋಟ ನೀರು ಕೊಟ್ಟು, ನಾಡಿ ಹಿಡಿದು ನೋಡಿ, "ಸಾಕಮ್ಮ, ಕೂತ್ಕೋ. ವಯಸ್ಸಾಯ್ತು" ಎಂದು ಎಲ್ಲರೆದುರು ಕೈಹಿಡಿದು ನಡೆಸಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಮೇಟ್ರನ್ ವಯಸ್ಸಿನಲ್ಲಿ ಅತ್ತೆಗಿಂತ ದೊಡ್ಡವರು.

ಅಂದಿನಿಂದ ಅತ್ತೆ ಹಾಡುವುದನ್ನೇ ಬಿಟ್ಟರು. ನನಗೆ ಅದು ನಿಜವಾಗಿಯೂ ಸಂಕಟದ ವಿಷಯ. ಹಾಡು ನಿಂತ ಮೇಲೆ ಅವರಿಗೆ ಮಾತಾಡಲು ಸಮಯ ಜಾಸ್ತಿ ಸಿಗುತ್ತಿತ್ತು.

ಈ ಅವಮಾನವನ್ನು ತೊಳೆದು ಅತ್ತೆಯನ್ನು ಅದೇ ಮೇಟ್ರನ್ ಮುಂದೆ ಮತ್ತೆ ಹಾಡಿಸುವುದು ನನ್ನ ಸಂಕಲ್ಪವಾಗಿತ್ತು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಜನರ ಮೂಗಿಗೆ ಫ್ರೇಮು ಕೂರಿಸುವುದು ನನ್ನ ವೃತ್ತಿ. ಆದರೆ ಕಾಲೇಜಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಆ ಹಳೆಯ ಕೀಬೋರ್ಡ್ ಮಂಚದ ಕೆಳಗಿದೆ. ಅದನ್ನು ಎತ್ತಲು ಇಬ್ಬರು ಬೇಕು, ಎತ್ತಿದ ಮೇಲೆ ನನ್ನ ಗಂಡನ ಸೊಂಟಕ್ಕೆ ಮೂರನೆಯವರು ಬೇಕು. ಹಾಗಾಗಿಯೇ ಟ್ಯಾಬ್ಲೆಟ್, ಮೊಣಕೈ ಉದ್ದದ ಕೀಬೋರ್ಡ್, ಟ್ಯಾಬ್ಲೆಟ್ಟಿನ ಸದ್ದನ್ನು ಸ್ಪೀಕರಿಗೆ ದಾಟಿಸಲು ಸಾಬೂನಿನ ಡಬ್ಬಿಯಷ್ಟು ದೊಡ್ಡ ಒಂದು ಸೌಂಡ್ ಕಾರ್ಡು. ಎಲ್ಲವೂ ಕೈಚೀಲದಲ್ಲಿ ಹಿಡಿಯುತ್ತಿದ್ದವು. ಹಿಡಿಯದೆ ಉಳಿದದ್ದು ಒಂದೇ: ಕರೆಂಟು.

ಮೊದಲ ದಿನವೇ ಗೊತ್ತಾಯಿತು, ಟ್ಯಾಬ್ಲೆಟ್ಟಿಗೆ ಇರುವುದು ಒಂದೇ ತೂತು. ಕೀಬೋರ್ಡ್ ಸಿಕ್ಕಿಸಿದರೆ ಚಾರ್ಜ್ ಆಗುವುದಿಲ್ಲ. ಚಾರ್ಜಿಗೆ ಹಾಕಿದರೆ ಕೀಬೋರ್ಡಿಗೆ ಜಾಗವಿಲ್ಲ. ತಿನ್ನುವುದಕ್ಕೂ ಮಾತಾಡುವುದಕ್ಕೂ ಒಂದೇ ಬಾಯಿ ಕೊಟ್ಟ ದೇವರು ಕನಿಷ್ಠ ಮೂಗನ್ನಾದರೂ ಬೇರೆ ಕೊಟ್ಟ. ಟ್ಯಾಬ್ಲೆಟ್ ಮಾಡಿದವರಿಗೆ ಅಷ್ಟೂ ತೋಚಲಿಲ್ಲ. ನಾನು ನಾಲ್ಕು ಬಾಯಿಯ ಒಂದು ಹಬ್ ತಂದೆ. ಈಗ ಕೀಬೋರ್ಡೂ ಸೌಂಡ್ ಕಾರ್ಡೂ ಒಟ್ಟಿಗೆ ಕೂತು ಟ್ಯಾಬ್ಲೆಟ್ಟಿನ ಬ್ಯಾಟರಿಯನ್ನು ಹೀರತೊಡಗಿದವು. ಸೌಂಡ್ ಕಾರ್ಡಂತೂ ಬಕಾಸುರ. ಸ್ವಲ್ಪ ಹೊತ್ತಿನಲ್ಲೇ "ಈ ಸಾಧನಕ್ಕೆ ಹೆಚ್ಚು ವಿದ್ಯುತ್ ಬೇಕು" ಎಂದು ಪರದೆಯ ಮೇಲೆ ಬರೆದು ಟ್ಯಾಬ್ಲೆಟ್ ಕೈಯೆತ್ತಿತು.

ಸರಿ, ಹಬ್ಬಿಗೆ ಮನೆಯ ಚಾರ್ಜರ್ ಸಿಕ್ಕಿಸಿದೆ. ಕರೆಂಟಿನ ಜೊತೆಗೆ ಸ್ಪೀಕರಿನಿಂದ ಗುಂಯ್ ಎಂಬ ಸದ್ದೂ ಬಂತು. ಕೊಳಲು ಒತ್ತಿದರೂ ಗುಂಯ್, ಪಿಟೀಲು ಒತ್ತಿದರೂ ಗುಂಯ್. ಅತ್ತೆ ಸ್ಪೀಕರಿಗೆ ಕಿವಿಯಿಟ್ಟು ತದೇಕಚಿತ್ತರಾಗಿ ಆಲಿಸಿದರು.

"ಎದೇಲಿ ಕಫ ಕಟ್ಟಿದೆ" ಎಂದರು.

"ಅದು ಚಾರ್ಜರಿಂದ ಬರೋ ಸದ್ದು ಅತ್ತೆ."

"ಎಲ್ಲಿಂದಾದ್ರೂ ಬರ್ಲಿ. ಕಫ ಕಫಾನೇ. ಮೇಟ್ರನ್ ಮುಂದೆ ಇದನ್ನ ತಗೊಂಡು ಹೋದ್ರೆ ಅಡ್ಮಿಟ್ ಮಾಡ್ಕೊಂಬಿಡ್ತಾರೆ."

ಗೋಡೆಯ ಕರೆಂಟನ್ನು ಅಂದೇ ತ್ಯಜಿಸಿದೆ. ಪವರ್ ಬ್ಯಾಂಕ್ ಕೊಂಡು ತಂದೆ, ಇಟ್ಟಿಗೆಯಂಥದ್ದು. ಗುಂಯ್ ಮಾಯವಾಯಿತು. ಅತ್ತೆ ಜೋಗುಳ ಹಾಡಿದರು, ನಾನು ನುಡಿಸಿದೆ, ಎರಡನೇ ಚರಣವನ್ನು ಅವರು ಚಪ್ಪಲಿ ಹಾಕಿಕೊಂಡು ಬೀದಿಗಿಳಿದಷ್ಟು ಸಲೀಸಾಗಿ ದಾಟಿದರು. ನನ್ನ ಗಂಡನೂ ಪೇಪರಿನಿಂದ ತಲೆಯೆತ್ತಿ "ಪರವಾಗಿಲ್ಲ" ಎಂದರು. ಅವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವರ ಬಾಯಲ್ಲಿ 'ಪರವಾಗಿಲ್ಲ' ಎಂದರೆ ಲೈಸೆನ್ಸ್ ಸಿಕ್ಕಿತು ಎಂದೇ ಅರ್ಥ.

ಕಾರ್ಯಕ್ರಮದ ಹಿಂದಿನ ದಿನ ಎಲ್ಲವನ್ನೂ ಭರ್ತಿ ಚಾರ್ಜ್ ಮಾಡಿಟ್ಟೆ. ಟ್ಯಾಬ್ಲೆಟ್ ನೂರಕ್ಕೆ ನೂರು, ಪವರ್ ಬ್ಯಾಂಕ್ ನೂರಕ್ಕೆ ನೂರು. ಕೊನೆಯ ಸಲ ನೋಡಿಬಿಡೋಣ ಎಂದು ನುಡಿಸತೊಡಗಿದೆ. ಪಲ್ಲವಿ ಮುಗಿಯಿತು, ಸದ್ದೂ ಮುಗಿಯಿತು. ಪವರ್ ಬ್ಯಾಂಕಿನ ದೀಪ ಆರಿತ್ತು. ಗುಂಡಿ ಒತ್ತಿ ಎಬ್ಬಿಸಿದೆ, ಅರ್ಧ ನಿಮಿಷ ಕೆಲಸ ಮಾಡಿ ಮತ್ತೆ ಮಲಗಿತು. ಅಷ್ಟು ದಿನ ಅರೆಹೊಟ್ಟೆಯಲ್ಲಿ ದುಡಿದ ಯಂತ್ರ ಹೊಟ್ಟೆ ತುಂಬಿದ ದಿನ ಮುಷ್ಕರ ಹೂಡಿತ್ತು.

"ಇದ್ಯಾಕ್ರೀ ಹೀಗೆ? ಖಾಲಿ ಇದ್ದಾಗ ನಡೀತಿತ್ತು, ತುಂಬಿದ ಮೇಲೆ ನಿಲ್ತಿದೆ."

ನನ್ನ ಗಂಡ ಪವರ್ ಬ್ಯಾಂಕಿನ ಜೊತೆ ಬಂದಿದ್ದ ಚೀಟಿಯನ್ನು ಓದಿದರು. "ಕರೆಂಟು ಯಾರೂ ಜಾಸ್ತಿ ಕೇಳ್ದೇ ಇದ್ರೆ ತಾನಾಗೇ ಆಫ್ ಆಗುತ್ತಂತೆ. ಉಣ್ಣೋರು ಸಾಕು ಅಂದ ಮೇಲೆ ಬಡಿಸೋನಿಗೇನು ಕೆಲಸ? ಪಾತ್ರೆ ಎತ್ಕೊಂಡು ಒಳಗೆ ಹೋಗ್ತಾನೆ."

"ಟ್ಯಾಬ್ಲೆಟ್ ಸಾಕು ಅಂತು ಸರಿ. ಸೌಂಡ್ ಕಾರ್ಡ್ ಇನ್ನೂ ತಿಂತಾ ಇದೆಯಲ್ಲ."

"ಒಬ್ಬನ ಒಂದು ತುತ್ತಿಗೋಸ್ಕರ ಯಾರು ನಿಂತ್ಕೋತಾರೆ? ಇನ್ನೊಬ್ಬ ಹಸಿದೋನ್ನ ಕರ್ಕೊಂಡು ಬಾ."

ಹಸಿದವರನ್ನು ಹುಡುಕಿ ಮನೆಯೆಲ್ಲ ಜಾಲಾಡಿದೆ. ಗಂಡನ ಫೋನ್ ಸಿಕ್ಕಿಸಿದರೆ ಅದು ತುಂಬಿಕೊಂಡು ತಾನೂ ಸಾಕು ಎಂದಿತು. ಕೊನೆಗೆ ಮೇಜಿನ ಮೇಲಿಡುವ ಪುಟ್ಟ ಫ್ಯಾನ್ ಸಿಕ್ಕಿತು. ಫ್ಯಾನಿಗೆ ತೃಪ್ತಿಯೆಂಬುದೇ ಇಲ್ಲ. ತಿರುಗುವಷ್ಟು ಹೊತ್ತೂ ತಿನ್ನುತ್ತಲೇ ಇರುತ್ತದೆ. ಪವರ್ ಬ್ಯಾಂಕಿನ ಇನ್ನೊಂದು ಬಾಯಿಗೆ ಅದನ್ನು ಸಿಕ್ಕಿಸಿದೆ. ದೀಪ ಹತ್ತಿತು, ಹತ್ತಿಯೇ ಇತ್ತು. ಜೋಗುಳವನ್ನು ಮೇಲಿಂದ ಮೇಲೆ ನುಡಿಸಿದೆ, ಪವರ್ ಬ್ಯಾಂಕ್ ರೆಪ್ಪೆ ಮುಚ್ಚಲಿಲ್ಲ. ಅತ್ತೆ ಆಗ ನಾಳೆಗೆಂದು ಸೀರೆಗೆ ಇಸ್ತ್ರಿ ಹಾಕಿಸಲು ಹೋಗಿದ್ದರು. ನನ್ನ ಈ ವೈಜ್ಞಾನಿಕ ವಿಜಯಕ್ಕೆ ಅವರು ಸಾಕ್ಷಿಯಾಗಲಿಲ್ಲ.

ಮರುದಿನ ಮಧ್ಯಾಹ್ನ ಆಸ್ಪತ್ರೆಯ ತರಬೇತಿ ಸಭಾಂಗಣದಲ್ಲಿ ನಿವೃತ್ತ ನರ್ಸುಗಳೆಲ್ಲ ಸೇರಿದ್ದರು. ಕುರ್ಚಿಗಳು ವಾರ್ಡಿನ ಮಂಚಗಳ ಹಾಗೆ ಗೆರೆ ಹೊಡೆದಂತೆ ನಿಂತಿದ್ದವು. ಮುಂದಿನ ಸಾಲಿನ ನಡುವೆ ಮೇಟ್ರನ್. ಅವರ ಕೈಯಲ್ಲಿ, ಈಗಾಗಲೇ ಭರ್ತಿ ಮಾಡಿದ, ಒಂದು ಲೋಟ ನೀರು. ಅತ್ತೆ ಅದನ್ನು ನೋಡಿದರು. ಅವರ ಮುಖ ಸಣ್ಣದಾಯಿತು.

ನಾನು ವೇದಿಕೆಯ ಮೇಜಿನ ಮೇಲೆ ನನ್ನ ಸಂಸಾರ ಹೂಡಿದೆ. ಫ್ಯಾನನ್ನು ಎಲ್ಲಿಡುವುದು? ಆಗ ನನಗೊಂದು ದಿವ್ಯ ಯೋಚನೆ ಹೊಳೆಯಿತು. ಹೇಗೂ ತಿರುಗಲೇಬೇಕು, ಅತ್ತೆಯ ಕಡೆಗೇ ತಿರುಗಲಿ. ಒಂದೇ ಕಲ್ಲಿಗೆ ಎರಡು ಹಕ್ಕಿ: ಪವರ್ ಬ್ಯಾಂಕಿಗೆ ಎಚ್ಚರ, ನನಗೆ ಒಳ್ಳೆಯ ಸೊಸೆಯೆಂಬ ಹೆಸರು.

"ಇದೇನೇ ಫ್ಯಾನು?" ಎಂದು ಅತ್ತೆ ಕೇಳಿದರು.

"ನಿಮಗೆ ಸೆಕೆ ಆಗ್ಬಾರ್ದಲ್ಲ ಅತ್ತೆ, ಅದಕ್ಕೇ ತಂದೆ" ಎಂದೆ, ಮುಂದಿನ ಎರಡು ಸಾಲಿಗೆ ಕೇಳಿಸುವಂತೆ. ಮುಂದಿನ ಎರಡು ಸಾಲು "ಅಯ್ಯೋ ಪುಣ್ಯಾತ್ಗಿತ್ತಿ" ಎಂಬಂತೆ ನನ್ನನ್ನು ನೋಡಿದವು. ಆ ನೋಟದಲ್ಲಿ ನಾನು ಕೊಂಚ ಹೊತ್ತು ಮೈಮರೆತು ನಿಂತೆ. ಅಷ್ಟರಲ್ಲಿ ನಿರೂಪಕಿ ನಮ್ಮ ಪರಿಚಯ ಶುರು ಮಾಡಿದರು, ನಾನು ಸಭೆಗೆ ಕೈಮುಗಿಯಲು ಮುಂದೆ ಬಂದೆ. ನನ್ನ ಬೆನ್ನ ಹಿಂದೆ ಏನು ನಡೆಯಿತೆಂದು ನಾನು ನೋಡಲಿಲ್ಲ, ಆಮೇಲೆ ಗೊತ್ತಾಯಿತು. ಹಾಡುವವರ ಗಂಟಲಿಗೆ ಎದುರುಗಾಳಿ ಬಡಿಯಬಾರದು ಎಂಬುದು ಅತ್ತೆಯ ಸಿದ್ಧಾಂತ. ಸೊಸೆಯ ಪ್ರೀತಿಗೆ ಎಲ್ಲರೆದುರು ಬೇಡ ಅನ್ನುವುದು ಹೇಗೆ? ಅವರು ಸದ್ದಿಲ್ಲದೆ ಬೆರಳು ಚಾಚಿ ಫ್ಯಾನನ್ನು ಆರಿಸಿದರು.

ನಾನು ಕೊಳಲಿನಿಂದ ಶುರು ಮಾಡಿದೆ. ಅತ್ತೆ ಎತ್ತಿಕೊಂಡರು. ಪಲ್ಲವಿ ಹೂವಿನ ಹಾಗೆ ಬಂತು. ಮೊದಲ ಚರಣದಲ್ಲಿ ಹಿಂದಿನ ಸಾಲಿನ ಯಾರೋ ತಾಳ ಹಾಕತೊಡಗಿದರು. ಎರಡನೇ ಚರಣದ ಬಾಗಿಲಿಗೆ ಬಂದೆವು, ಕಳೆದ ವರ್ಷ ಅತ್ತೆ ಬಿದ್ದ ಜಾಗಕ್ಕೆ ಸರಿಯಾಗಿ. ಸದ್ದು ನಿಂತಿತು. ಅತ್ತೆಯ ಜೋಗುಳಕ್ಕೆ ಇಡೀ ಸಭೆಯಲ್ಲಿ ಮೊದಲು ನಿದ್ದೆ ಹೋದದ್ದು ನನ್ನ ಪವರ್ ಬ್ಯಾಂಕ್.

ಕೀಬೋರ್ಡ್ ಒತ್ತಿದೆ. ಒತ್ತಿದ್ದು ಮರದ ಹಲಗೆಯನ್ನೇನೋ ಅನ್ನಿಸಿತು. ಪರದೆಯ ಮೇಲೆ ಹೆಚ್ಚು ವಿದ್ಯುತ್ ಬೇಕೆಂಬ ಅದೇ ಹಳೇ ಬೇಡಿಕೆ. ಅತ್ತೆ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದರು. ಆ ಕಣ್ಣು ನೋಡಿದಾಗ ಅರ್ಥವಾಯಿತು: ಇಷ್ಟು ದಿನ ನಾನು ಆಡಿದ್ದೆಲ್ಲ ಯಂತ್ರದ ಜೊತೆಗಿನ ಆಟ, ಅವರು ಮಾತ್ರ ನನ್ನನ್ನು ನಂಬಿ ಇಲ್ಲಿ ಬಂದು ನಿಂತಿದ್ದರು. ಮುಂದಿನ ಸಾಲಿನಲ್ಲಿ ಮೇಟ್ರನ್ ಲೋಟ ಹಿಡಿದು ಎದ್ದರು.

ಮೇಟ್ರನ್ ಮೆಟ್ಟಿಲು ಹತ್ತುವುದರೊಳಗೆ ಏನಾದರೂ ಮಾಡಬೇಕಿತ್ತು. ಟ್ಯಾಬ್ಲೆಟ್ಟಿನ ಒಂದೇ ಒಂದು ತೂತಿನಿಂದ ವೈರನ್ನು ಕಿತ್ತೆಸೆದೆ. ಕೀಬೋರ್ಡ್, ಸೌಂಡ್ ಕಾರ್ಡ್, ಹಬ್ಬು, ಇಟ್ಟಿಗೆ ಎಲ್ಲವೂ ಮೇಜಿನ ಮೇಲೇ ಉಳಿದವು. ಸಭಾಂಗಣದ ಮೈಕು ಅವರದೇ ಕರೆಂಟಿನಲ್ಲಿತ್ತು, ಅದಕ್ಕೇನೂ ಆಗಿರಲಿಲ್ಲ. ಟ್ಯಾಬ್ಲೆಟ್ಟನ್ನು ಎಡಗೈಯಲ್ಲಿ ಮೈಕಿನ ಹತ್ತಿರ ಹಿಡಿದು, ಪರದೆಯ ಮೇಲೆ ಮೂಡಿದ ಕೀಬೋರ್ಡಿನ ಮನೆಗಳನ್ನು ಬಲಗೈಯ ಒಂದೇ ಬೆರಳಿನಿಂದ ಒತ್ತಿದೆ. ಅದರ ಸ್ವಂತ ಪುಟ್ಟ ಸ್ಪೀಕರಿನಿಂದ ಕೀರಲಾಗಿ ಒಂದು ಸ್ವರ ಬಂತು. ಅಷ್ಟು ಸಣ್ಣ ದನಿಗೆ ಪಿಟೀಲು, ಡೋಲುಗಳ ಯೋಗ್ಯತೆಯಿರಲಿಲ್ಲ.

"ಅದೇ ಶ್ರುತಿ, ಹೇಳಿ ಅತ್ತೆ" ಎಂದೆ.

ಅತ್ತೆ ಕಣ್ಣು ಮುಚ್ಚಿ ಎರಡನೇ ಚರಣ ಎತ್ತಿಕೊಂಡರು. ಮಗುವಿಗೆ ಹಾಡುವಷ್ಟೇ ಮೆಲ್ಲಗೆ, ಅವಸರವಿಲ್ಲದೆ ಹಾಡಿದರು. ನಾನು ಒಂದೊಂದೇ ಸ್ವರ ಒತ್ತುತ್ತ ಪಕ್ಕದಲ್ಲಿ ನಿಂತೆ. ಹಾಡು ಮುಗಿದಾಗ ಚಪ್ಪಾಳೆ ಬರಲು ಸ್ವಲ್ಪ ತಡವಾಯಿತು, ಯಾಕೆಂದರೆ ಕೆಲವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಮೇಟ್ರನ್ ಮೆಟ್ಟಿಲ ಬಳಿಯೇ ನಿಂತುಬಿಟ್ಟಿದ್ದರು. ಸುತ್ತ ಒಮ್ಮೆ ನೋಡಿ, ಕೈಯಲ್ಲಿದ್ದ ನೀರನ್ನು ತಾವೇ ಕುಡಿದರು.

ಆಮೇಲೆ ಎಲ್ಲರೂ ಅತ್ತೆಯನ್ನು ಮುತ್ತಿಕೊಂಡರು. ನನ್ನ ಸಂಗೀತದ ಬಗ್ಗೆಯೂ ಒಬ್ಬರು ಹಿರಿಯ ನರ್ಸ್ ಅಭಿಪ್ರಾಯ ಹೇಳಿದರು: "ನಿಮ್ಮ ಸೊಸೆ ಟ್ರೇ ಹಿಡ್ಕೊಂಡು ಎಷ್ಟು ನೀಟಾಗಿ ನಿಂತಿದ್ಲು. ಟ್ರೇನಿಂಗ್ ಆಗಿದೆಯಾ?"

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮನೆಗೆ ಹೊರಟೆವು. ಗಂಡ ಸ್ಟಿಯರಿಂಗ್ ಹಿಡಿದಿದ್ದರು. ಪಕ್ಕದಲ್ಲಿ, ಕಲಿಸುವವರ ಬ್ರೇಕಿನ ಮೇಲೆ ಕಾಲಿಡದಂತೆ ಜಾಗರೂಕತೆಯಿಂದ ಕೂತು ಅತ್ತೆ ಗುನುಗುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾನು, ನನ್ನ ಮಡಿಲಲ್ಲಿ ವಾದ್ಯವೃಂದ. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ತಪ್ಪು ನನ್ನದಲ್ಲ ಎಂದು ಸಾಬೀತು ಮಾಡದೆ ನನಗೆ ಅನ್ನ ಸೇರುವುದಿಲ್ಲ.

"ಅತ್ತೆ, ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ. ಆ ಫ್ಯಾನ್ ತಿರುಗ್ತಾ ಇದ್ರೇನೇ ಪವರ್ ಬ್ಯಾಂಕ್ ಎಚ್ಚರ ಇರೋದು. ನೀವು ಅದನ್ನ ಆರಿಸಿದ್ರಿ. ಅದಕ್ಕೇ ಎಲ್ಲಾ ನಿಂತ್ಹೋಯ್ತು."

ಗುನುಗು ನಿಂತಿತು. "ನನಗೆ ಸೆಕೆ ಆಗ್ಬಾರ್ದು ಅಂತ ತಂದಿದ್ದು ಅಲ್ವಾ ಅದು?"

ನಾನು ಕಿಟಕಿಯಾಚೆ ನೋಡಿದೆ. ಕನ್ನಡಿಯಲ್ಲಿ ಗಂಡನ ಕಣ್ಣು ನಗುತ್ತಿತ್ತು.

"ಹಾಗಾದ್ರೆ ಅದರ ಗಾಳಿ ಯಾರಿಗೂ ಬೇಕಾಗಿರ್ಲಿಲ್ಲ" ಎಂದರು ಅತ್ತೆ.

"ಇಲ್ಲ."

"ಸುಮ್ನೆ ಒಂದು ಕಡೆ ತಿರುಗ್ತಾ ಬಿದ್ದಿದ್ರೆ ಸಾಕಾಗಿತ್ತು."

"ಅಷ್ಟೇ ಸಾಕಾಗಿತ್ತು ಅತ್ತೆ."

ಅತ್ತೆ ನಿಧಾನವಾಗಿ ಹಿಂದೆ ತಿರುಗಿ, ಔಷಧಿ ಉಗುಳಿದ ಮಗುವನ್ನು ನೋಡುವಂತೆ ನನ್ನನ್ನು ನೋಡಿದರು.

"ಮತ್ತೆ ಅದರ ಮುಖಾನ ಗೋಡೆ ಕಡೆ ಮಾಡಿ ಇಡೋದಕ್ಕೆ ನಿನಗೇನಾಗಿತ್ತಮ್ಮ?"