ಗೋಪುರದ ಬುಡದಲ್ಲಿ ಕಾವು ಕೂತ ಕೋಳಿ

೧೯೭೯ನೇ ಇಸವಿ, ಮಾರ್ಚ್ ಹನ್ನೊಂದು, ಭಾನುವಾರ. ಆ ದಿನದ ನನ್ನ ಡೈರಿಯಲ್ಲಿ ಹೀಗಿದೆ: "ಸಂಜೆ ಗುಡ್ಡದ ಗೋಪುರದ ತುದಿಯಲ್ಲಿ ಕೆಂಪು ದೀಪ ಹತ್ತಿತು. ಅತ್ತೆಮ್ಮ ಒಣಗಲು ಹಾಕಿದ್ದ ಹಪ್ಪಳವನ್ನೆಲ್ಲ ಒಳಗೆ ತೆಗೆಸಿದರು." ಅಜ್ಜಂಪುರಕ್ಕೆ ಕಣ್ಣಿಗೆ ಕಾಣದ್ದು ಏನು ಬಂದರೂ ಅದರ ಗಲಾಟೆ ಶುರುವಾಗುವುದು ನಮ್ಮ ಮನೆಯಿಂದಲೇ. ಏಕೆಂದು ನನಗಿನ್ನೂ ತಿಳಿದಿಲ್ಲ.

ಅದು ಟೆಲಿಫೋನ್ ಇಲಾಖೆಯ ಮೈಕ್ರೋವೇವ್ ಗೋಪುರ. ಬೆಂಗಳೂರಿನ ಮಾತನ್ನು ಗಾಳಿಯಲ್ಲೇ ಹಿಡಿದು ಶಿವಮೊಗ್ಗದ ಕಡೆಗೆ ದಾಟಿಸುತ್ತಿತ್ತು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದವಳು, ಅದೂ ಭೌತಶಾಸ್ತ್ರದಲ್ಲಿ. ಹೊತ್ತು ಮುಳುಗುವಾಗ ಮಾಳಿಗೆಯ ಮೇಲೆ ಕೂತು ಆ ದೀಪವನ್ನು ನೋಡುತ್ತಿದ್ದೆ. ಯಾರದೋ ಹೆರಿಗೆಯ ಸುದ್ದಿ, ಯಾರದೋ ಜಗಳ, ಯಾರೋ ಹೇಳಲಾರದೆ ನುಂಗಿಕೊಂಡ ಮಾತು, ಎಲ್ಲವೂ ಸದ್ದಿಲ್ಲದೆ ನಮ್ಮ ಈರುಳ್ಳಿ ಹೊಲಗಳ ಮೇಲೆ, ನನ್ನ ನೆತ್ತಿಯ ಮೇಲೆ ಹರಿದು ಹೋಗುತ್ತಿವೆ ಎನ್ನಿಸಿ ಹಿತವಾದ ಜೋಂಪು ಬರುತ್ತಿತ್ತು.

ಊರಿಗೆ ಮಾತ್ರ ಬೇರೆಯೇ ಗುಮಾನಿ. ಆ ಅಲೆ ತಾಗಿದವರಿಗೆ ಮಕ್ಕಳಾಗುವುದಿಲ್ಲವಂತೆ! ನನ್ನ ಮಗಳನ್ನು ಕೇಳಿಕೊಂಡು ಬಂದಿದ್ದ ಕಡೂರಿನ ಹುಡುಗ ಆ ಗೋಪುರದಲ್ಲೇ ಇಂಜಿನಿಯರ್. ಮಗಳು ಆಗಲೇ ಮನಸ್ಸಿನಲ್ಲಿ ಸಂಸಾರ ಹೂಡಿಬಿಟ್ಟಿದ್ದಳು. ಆದರೆ ನಮ್ಮತ್ತೆ ಹೂಂ ಅನ್ನದೆ ನಮ್ಮ ಮನೆಯಲ್ಲಿ ತಾಂಬೂಲ ಬದಲಾಗುತ್ತಿರಲಿಲ್ಲ.

ಕಿಟಕಿಯ ಸೀಟು

ತರೀಕೆರೆಗೆ ಹೋಗುವ ಬಸ್ಸು ಆ ಗುಡ್ಡದ ಬುಡದಲ್ಲೇ ಹಾಯಬೇಕು. ಒಂದು ದಿನ ಅತ್ತೆಮ್ಮನ ಜೊತೆ ಹೊರಟಿದ್ದೆ. ಕಂಡಕ್ಟರ್ ಕೂಗಿದ: "ಗೋಪುರ ಬತ್ತಾ ಐತೆ, ತಲೆ ಮುಚ್ಕಳ್ರಪ್ಪೋ! ಕಿಟಕಿ ಪಕ್ಕ ಅಲೆ ಜಾಸ್ತಿ!"

ಗಂಡಸರು ಟವಲು ಹೊದ್ದರು, ಹೆಂಗಸರು ಸೆರಗು ಎಳೆದುಕೊಂಡರು. ಅತ್ತೆಮ್ಮ ತರೀಕೆರೆಯ ನೆಂಟರಿಗೆಂದು ತಂದಿದ್ದ ಹಿತ್ತಾಳೆಯ ಹರಿವಾಣವನ್ನೇ ತಲೆಯ ಮೇಲೆ ಹಿಡಿದರು. ಕಿಟಕಿಗೆಂದು ಬಡಿದಾಡಿದ್ದವರೆಲ್ಲ ಎದ್ದು ನಡುವೆ ಬಂದು ನಿಂತರು.

ನಾನೊಬ್ಬಳೇ ತಲೆಯೆತ್ತಿ ಕೂತಿದ್ದೆ. ನನ್ನ ಮುಂದಿನ ಕಿಟಕಿಗೆ ಒಬ್ಬ ಮುದುಕರು ಬಂದು ಆರಾಮಾಗಿ ಕಾಲು ಚಾಚಿದರು.

"ನಿಮಗೆ ಭಯ ಇಲ್ವೇ?" ಎಂದೆ.

"ಎಂಥದ್ದೂ ಇಲ್ಲ ಕಣಮ್ಮ. ಕಂಡಕ್ಟರು ನನ್ನ ಅಳಿಯ."

ತಲೆಗೆ ಲೈಸೆನ್ಸು

ಆಗ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸು ಮಾಡಿಸಬೇಕಿತ್ತು. ಆ ಸಲ ಅತ್ತೆಮ್ಮ ತಾವೇ ಹೊರಟರು.

"ಪೋಸ್ಟ್ ಮಾಸ್ತರೇ, ನನ್ನ ಪೆಟ್ಟಿಗೆಗೆ ಬರೋ ಅಲೆಗೆ ಲೈಸೆನ್ಸ್ ಕೇಳ್ತೀರಿ. ನನ್ನ ತಲೆ ಮೇಲೆ ಹಾಯೋ ಅಲೆಗೆ ಯಾರು ಕೊಟ್ರು ಲೈಸೆನ್ಸು?"

"ಸರ್ಕಾರ ಕಣಜ್ಜಿ."

"ಇಷ್ಟೇ ಬಿಡಬೇಕು, ಇದಕ್ಕಿಂತ ಜಾಸ್ತಿ ಬಿಡಬಾರದು ಅಂತ ಏನಾರ ಕಟ್ಟುಪಾಡು ಐತಾ?"

"ಇರ್ತದೆ, ಡೆಲ್ಲೀಲಿ."

"ತಲೆ ಅಜ್ಜಂಪುರದಲ್ಲಿ, ಕಟ್ಟುಪಾಡು ಡೆಲ್ಲೀಲಾ?"

ಮಾಸ್ತರರು ಕನ್ನಡಕ ಒರೆಸಿಕೊಂಡು, "ಅಜ್ಜೀ, ಮೇಲೆ ಹಾಯೋ ಮಾತು ನಿಮ್ಗೆ ಕೇಳಿಸ್ತಾ ಐತಾ?" ಎಂದರು.

"ಇಲ್ಲಪ್ಪ."

"ಹಂಗಾದ್ರೆ ಬಚಾವಾದ್ರಿ. ಕೇಳ್ಸಿದ್ದಿದ್ರೆ ನಿಮ್ಮ ತಲೆಗೂ ಲೈಸೆನ್ಸ್ ಮಾಡಿಸ್ಬೇಕಾಗಿತ್ತು."

ಎರಡು ಬುಟ್ಟಿ

ಕೊನೆಗೆ ಹುಡುಗನೇ ಬಂದು ವಿವರಿಸಿದ. "ಅಜ್ಜೀ, ಅದರಿಂದ ಹೊರಡೋ ಶಕ್ತಿ ದೇವರ ಮನೆ ಬಲ್ಬಿನಷ್ಟೂ ಇಲ್ಲ. ಅದೂ ನೆಟ್ಟಗೆ ಮುಂದಿನ ಗೋಪುರಕ್ಕೆ ಹೋಗ್ತದೆ, ಕೆಳಗೆ ಇಳಿಯಲ್ಲ."

"ಅಷ್ಟು ದೂರ ಹೋಗೋದು, ಪಕ್ಕದಲ್ಲೇ ಕೂತೋನನ್ನ ಬಿಡ್ತದೇನಪ್ಪಾ?"

ಹುಡುಗ ನನ್ನ ಮುಖ ನೋಡಿದ. ನಾನು ನನ್ನ ಮಗಳ ಮುಖ ನೋಡಿದೆ. ಅವಳು ಬಾಗಿಲ ಹಿಂದೆ ನಿಂತು ಅಳುವುದಕ್ಕೆ ಸಿದ್ಧಳಾಗಿದ್ದಳು.

ಆಗ ಅತ್ತೆಮ್ಮ ತೀರ್ಪು ಕೊಟ್ಟರು: ಗೋಪುರದಲ್ಲಿ ಹುಡುಗನ ಕುರ್ಚಿಯ ಪಕ್ಕ ಒಂದು ಕೋಳಿಯನ್ನು ಕಾವಿಗೆ ಕೂರಿಸಬೇಕು. ಮರಿ ಆದರೆ ಮದುವೆ.

ನಮ್ಮದು ಲಿಂಗಧಾರಿಗಳ ಮನೆ. ಕೋಳಿ ಬೀದಿಯಲ್ಲಿ ಹಾದರೂ ಅಂಗಳಕ್ಕೆ ಸಗಣಿನೀರು ಚಿಮುಕಿಸುವವರು. ಆದರೂ ಮಂಡಿಯಲ್ಲಿ ಈರುಳ್ಳಿ ಆರಿಸುವ ಹೆಂಗಸಿನಿಂದ ಕೋಳಿ ತಂದೆವು. ನಾನು ವಿಜ್ಞಾನ ಓದಿದವಳಾದ್ದರಿಂದ ಹೋಲಿಕೆಗೆ ಅಲೆ ಇಲ್ಲದ ಕಡೆ ಇನ್ನೊಂದು ಕೋಳಿ ಇರಲೇಬೇಕೆಂದು ಹಟ ಹಿಡಿದು, ಅದನ್ನು ನಮ್ಮ ಕೊಟ್ಟಿಗೆಯಲ್ಲೇ ಕೂರಿಸಿದೆ.

ಗೋಪುರದ ಗೇಟಿನಲ್ಲಿ ಕಾವಲಿನವನು ಬುಟ್ಟಿಯನ್ನು ತಡೆದ. "ಅಪ್ಪಣೆ ಇಲ್ದೆ ಒಳಗೆ ಬಿಡಂಗಿಲ್ಲ, ಬೋರ್ಡು ಓದ್ರಿ."

"ಕೋಳಿಗೆ ಓದು ಬರ್ತದೇನೋ? ಬಿಡೋ ಒಳಗೆ!" ಎಂದರು ಅತ್ತೆಮ್ಮ. ಬಿಟ್ಟ.

ಕಾವಿನ ದಿನಗಳಲ್ಲಿ ಮಗಳು ಸಂಜೆಯಾದರೆ ಮಾಳಿಗೆಗೆ ಬಂದು ನನ್ನ ಪಕ್ಕ ಕೂರುತ್ತಿದ್ದಳು. ಇಬ್ಬರೂ ಕೆಂಪು ದೀಪ ನೋಡುತ್ತಿದ್ದೆವು. ಅದರ ಕೆಳಗೆಲ್ಲೋ ಚಿಪ್ಪಿನೊಳಗೆ ನಮ್ಮ ಬೀಗತನ ನಿಧಾನವಾಗಿ ಬೆಚ್ಚಗಾಗುತ್ತಿತ್ತು.

ಗೋಪುರದ ಬುಟ್ಟಿಯಲ್ಲಿ ಒಂದು ಮೊಟ್ಟೆಯೂ ಹುಸಿ ಹೋಗಲಿಲ್ಲ. ನಮ್ಮ ಕೊಟ್ಟಿಗೆಯದರಲ್ಲಿ ಅರ್ಧಕ್ಕರ್ಧ ಕೊಳೆತವು. ಅತ್ತೆಮ್ಮ ಎರಡು ಬುಟ್ಟಿಯನ್ನೂ ಇಣುಕಿ ನೋಡಿ ನನ್ನ ಕಡೆ ತಿರುಗಿದರು.

"ನಮ್ಮನೆಗಿಂತ ಗೋಪುರವೇ ವಾಸಿ ಕಣೇ. ಬೇಗ ಕಳ್ಸು ಹುಡುಗೀನ."

ಪಾದಪೂಜೆ

ಮದುವೆಯಾಯಿತು. ಕೋಳಿಗಳನ್ನು ಹಿಂದಕ್ಕೆ ಕೊಡಲು ಹೋದರೆ ಆ ಹೆಂಗಸು ಮಾರು ದೂರ ಸರಿದಳು. "ಬ್ಯಾಡ ಕಣ್ರವ್ವ, ಅವಕ್ಕೆ ಸರ್ಕಾರಿ ಕರೆಂಟು ತಾಗೈತೆ. ನಿಮ್ಮನೇದು ಯಾವುದು, ಗೋಪುರದ್ದು ಯಾವುದು ಅಂತ ನಂಗೆ ಹೆಂಗೆ ಗೊತ್ತಾಗಬೇಕು? ನೀವೇ ಇಟ್ಕಳಿ."

ಮಾರಿದರೆ ಕೊಯ್ಯುತ್ತಾರೆ. ಮಗಳ ಮದುವೆ ಮಾಡಿಸಿದ ಜೀವಗಳು. ಎಲ್ಲವೂ ನಮ್ಮ ಹಿತ್ತಲಿನಲ್ಲೇ ಬೆಳೆದವು.

ಮಾರನೆಯ ವರ್ಷ ಮಗಳು ಬಸುರಿಯಾಗಿ ಸೀಮಂತಕ್ಕೆ ಬಂದಳು. ಅಂದೇ ಮಠದ ಅಯ್ಯನವರ ಪಾದಪೂಜೆ. ಬೀಗರು, ಬಂಧುಗಳು ತುಂಬಿದ್ದರು. ವಿಭೂತಿಯ ಪರಿಮಳ, ಮಂತ್ರದ ಸಣ್ಣ ಗುನುಗು, ಎಲ್ಲರ ಕಣ್ಣೂ ಅರೆಮುಚ್ಚಿತ್ತು. ಅಷ್ಟರಲ್ಲಿ ದೊಡ್ಡ ಹುಂಜವೊಂದು ಹಿತ್ತಲಿನ ಬಾಗಿಲಿನಿಂದ ಗಂಭೀರವಾಗಿ ನಡೆದು ಬಂದು, ಪಡಸಾಲೆಯ ಕಟ್ಟೆ ಹತ್ತಿ, ಕತ್ತು ಚಾಚಿ ಕೂಗಿತು.

ಮಂತ್ರ ನಿಂತಿತು. ಅಯ್ಯನವರು ಒಂದೇ ಕಣ್ಣು ತೆರೆದರು.

"ತಾಯಿ, ಈ ಮನೇಲಿ ಕೋಳಿ ಕೂಗ್ತಾ?"

ಅತ್ತೆಮ್ಮ ಕೈಮುಗಿದುಕೊಂಡೇ ಹೇಳಿದರು: "ಕೂಗ್ತು ಬುದ್ಧೀ. ಅದು ನಮ್ದಲ್ಲ, ಬೀಗರ ಕಡೇದು."

ಒಟ್ಟಾರೆ ನಮಗಾದ ಖರ್ಚು ಇಷ್ಟು: ಹಿತ್ತಲಿನ ಕೊತ್ತಂಬರಿ ಮಡಿ ಪೂರ್ತಿ, ದಿನಾ ಎರಡು ಬೊಗಸೆ ರಾಗಿ, ಎರಡು ಬಿದಿರು ಬುಟ್ಟಿ. ಮುಂದಿನ ವರ್ಷದ ಪಾದಪೂಜೆ ಮೈದುನನ ಮನೆಗೆ ಹೋಯಿತು.